ಕೊಡಲಿ ಎಲ್ಲಿ ಇಡ್ಬೇಕು? ದೊಡ್ಡ ಪ್ರಾಬ್ಲಮ್ ಒಡೆಯೋದ್ರ ಬಗ್ಗೆ ಒಂದಿಷ್ಟು

ದೊಡ್ಡ ಪ್ರಾಬ್ಲಮ್ ಬಂದ್ರೆ ಸಣ್ಣ ಸಣ್ಣದಾಗಿ ಒಡ್ಕೊಂಡು ಬಿಡಿಸು ಅಂತ ಪ್ರೋಗ್ರಾಮಿಂಗ್ ಕಲಿಯೋಕೆ ಶುರು ಮಾಡಿದ ಮೊದಲನೇ ವಾರದಲ್ಲೇ ಯಾರಾದ್ರೂ ಒಬ್ರು ಹೇಳಿರ್ತಾರೆ. ಮಾತೇನೋ ಸರಿನೇ, ಆದ್ರೆ ಅಷ್ಟು ಹೇಳಿ ಎದ್ದು ಹೋಗಿಬಿಡ್ತಾರೆ, ಕೊಡಲಿ ಎಲ್ಲಿ ಇಡ್ಬೇಕು ಅಂತ ಮಾತ್ರ ಹೇಳಲ್ಲ. ಎಲ್ಲೆಂದ್ರಲ್ಲಿ ಕಡಿದ್ರೆ ಒಂದು ದೊಡ್ಡ ತಲೆನೋವು ಹತ್ತು ಸಣ್ಣ ತಲೆನೋವಾಗುತ್ತೆ ಅಷ್ಟೆ, ಮೇಲಿಂದ ಆ ಹತ್ತನ್ನೂ ವಾಪಸ್ ಜೋಡಿಸೋ ಹನ್ನೊಂದನೇದು ಬೇರೆ.

ಒಂದು ಲೆಕ್ಕ ಇಟ್ಕೊಂಡೇ ಮಾತಾಡೋಣ. ಏಳು ಸಂಖ್ಯೆ ಸಾಲಾಗಿ ಇದಾವೆ: 3, -5, 4, 2, -1, 6, -8. ಇದ್ರಲ್ಲಿ ಪಕ್ಕಪಕ್ಕದಲ್ಲೇ ಇರೋ ಒಂದಿಷ್ಟನ್ನ ಆರಿಸ್ಕೊಂಡು ಕೂಡಿದ್ರೆ ಅತಿ ಹೆಚ್ಚು ಎಷ್ಟು ಬರುತ್ತೆ? ಮಧ್ಯದಲ್ಲಿ ಯಾವ್ದನ್ನೂ ಬಿಟ್ಟು ಹಾರೋ ಹಾಗಿಲ್ಲ. ಏಳು ಸಂಖ್ಯೆ ಅಂದ್ರೆ ಒಟ್ಟು 28 ತುಂಡು ಸಾಧ್ಯ, ಎಲ್ಲಾ ಕೂಡಿ ನೋಡ್ಬಹುದು, ಏಳು ಲಕ್ಷ ಇದ್ರೆ ಆ ಆಟ ನಡೆಯಲ್ಲ. ಸರಿ, ಒಡೆಯೋಣ. ಎಡಕ್ಕೆ 3, -5, 4 ಮತ್ತೆ ಬಲಕ್ಕೆ 2, -1, 6, -8. ಎಡಗಡೆ ಅತಿ ಹೆಚ್ಚು ಅಂದ್ರೆ 4, ಬಲಗಡೆ 2 ಮತ್ತೆ -1 ಮತ್ತೆ 6 ಸೇರಿ 7. ಎರಡರಲ್ಲಿ ದೊಡ್ಡದು 7, ಮುಗೀತು ಅಂತ ಉತ್ತರ ಕೊಟ್ರೆ ತಪ್ಪು. ನಿಜವಾದ ಉತ್ತರ 11, ಅಂದ್ರೆ 4, 2, -1, 6. ಅದು ನಾವು ಕಡಿದ ಜಾಗದ ಮೇಲೇ ಕೂತಿತ್ತು, ಕೊಡಲಿ ಬಿದ್ದ ತಕ್ಷಣ ಎರಡು ಹೋಳಾಗಿ ಎರಡೂ ಕಡೆಯವ್ರಿಗೂ ಕಾಣಿಸ್ಲಿಲ್ಲ.

ಹಾಗಾಗಿ ಮೂರನೇ ಕೆಲಸ ಒಂದು ಸೇರಿಸ್ಬೇಕು. ಗೆರೆಗೆ ಅಂಟ್ಕೊಂಡು ಎಡಕ್ಕೆ ಹೋಗೋ ತುಂಡುಗಳಲ್ಲಿ ಅತಿ ದೊಡ್ಡದು ಯಾವ್ದು (4), ಗೆರೆಗೆ ಅಂಟ್ಕೊಂಡು ಬಲಕ್ಕೆ ಹೋಗೋದ್ರಲ್ಲಿ ಯಾವ್ದು (7), ಕೂಡಿದ್ರೆ 11. ಈಗ 4, 7, 11 ಮೂರರಲ್ಲಿ ದೊಡ್ಡದನ್ನ ಆರಿಸಿ. ಈ ಮೂರನೇ ಕೆಲಸಕ್ಕೆ ಒಂದ್ಸಲ ಸಾಲನ್ನ ಓದಿದ್ರೆ ಸಾಕು, ಎಡ ಬಲ ಎರಡನ್ನೂ ಇದೇ ಥರ ಮತ್ತೆ ಒಡ್ಕೊಂಡು ಹೋಗ್ಬಹುದು, ಒಂದೇ ಸಂಖ್ಯೆ ಉಳಿದಾಗ ನಿಲ್ಲಿಸ್ಬಹುದು.

ನಾನು ಹೇಳ್ಬೇಕು ಅಂದ್ಕೊಂಡಿರೋದು ಇಷ್ಟೇ: ಒಂದು ಪ್ರಾಬ್ಲಮ್ ಒಡೆಯೋದು ಅಂದ್ರೆ ಒಂದು ಚೂರು ಇನ್ನೊಂದು ಚೂರಿನ ಬಗ್ಗೆ ಏನನ್ನ ಮರೆತ್ರೂ ನಡೆಯುತ್ತೆ, ಏನನ್ನ ಮರೆತ್ರೆ ಕೆಟ್ಟೋಗುತ್ತೆ ಅನ್ನೋದನ್ನ ತೀರ್ಮಾನ ಮಾಡೋದು. ಮೇಲಿನ ಲೆಕ್ಕದಲ್ಲಿ ಎಡಗಡೆಯವ್ರು ಬಲಗಡೆ ಬಗ್ಗೆ ಹೆಚ್ಚುಕಮ್ಮಿ ಎಲ್ಲಾ ಮರೀಬಹುದು, ಗೆರೆಗೆ ಅಂಟಿರೋ ಆ ಒಂದು ನಂಬರ್ ಬಿಟ್ಟು. ಆ ಒಂದನ್ನ ಮರೆತಿದ್ದಕ್ಕೇ 7 ಬಂದಿದ್ದು.

ಒಡೆಯೋದ್ರಲ್ಲಿ ಎಲ್ರೂ ಮೊದಲು ನೋಡೋದು ಸಾರ್ಟಿಂಗ್ (ಪಟ್ಟಿಯನ್ನ ಚಿಕ್ಕದ್ರಿಂದ ದೊಡ್ಡದಕ್ಕೆ ಕ್ರಮವಾಗಿ ಜೋಡಿಸೋದು), ಅದನ್ನ ನಾನೂ ಬಿಡಲ್ಲ, ಯಾಕಂದ್ರೆ ಎಷ್ಟು ಉಳಿತಾಯ ಆಗುತ್ತೆ ಅಂತ ಅಂಕಿಯಲ್ಲಿ ಕಾಣೋದು ಅಲ್ಲೇ. ಮರ್ಜ್ ಸಾರ್ಟನ್ನ ಜಾನ್ ವಾನ್ ನಾಯ್ಮನ್ 1945ರಲ್ಲೇ ಯೋಚಿಸಿದ್ರು, ಆಗ ಕಂಪ್ಯೂಟರ್ ಅನ್ನೋದೇ ಇನ್ನೂ ಕಣ್ಣು ಬಿಡ್ತಾ ಇತ್ತು. ಪಟ್ಟಿಯನ್ನ ಅರ್ಧ ಮಾಡು, ಎರಡೂ ಅರ್ಧವನ್ನ ಬೇರೆ ಬೇರೆ ಸಾರ್ಟ್ ಮಾಡು, ಆಮೇಲೆ ಎರಡರ ತಲೆಯನ್ನ ಹೋಲಿಸಿ ಚಿಕ್ಕದನ್ನ ಎತ್ತಿಡ್ತಾ ಹೋಗು. 10 ಲಕ್ಷ ಹೆಸರಿನ ಪಟ್ಟಿ ಅಂದ್ಕೊಳ್ಳಿ. ಎಲ್ಲವನ್ನೂ ಎಲ್ಲದ್ರ ಜೊತೆ ಹೋಲಿಸೋಕೆ ಹೋದ್ರೆ ಸುಮಾರು 50,000 ಕೋಟಿ ಹೋಲಿಕೆ. ಅರ್ಧ ಮಾಡ್ತಾ ಹೋದ್ರೆ 10 ಲಕ್ಷ ಅನ್ನೋದು 20 ಸಲ ಅರ್ಧ ಆಗೋಷ್ಟರಲ್ಲಿ ಒಂದಕ್ಕೆ ಇಳಿಯುತ್ತೆ, ಅಂದ್ರೆ 20 ಮಜಲು, ಒಂದೊಂದು ಮಜಲಲ್ಲೂ ಜೋಡಿಸೋಕೆ ಹೆಚ್ಚಂದ್ರೆ 10 ಲಕ್ಷ ಹೋಲಿಕೆ, ಒಟ್ಟು 2 ಕೋಟಿ. ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡೋ ಮೆಷಿನ್ ಇದೆ ಅಂದ್ರೆ ಮೊದಲನೇದಕ್ಕೆ ಗಂಟೆ 20 ನಿಮಿಷದ ಮೇಲೆ ಆಗುತ್ತೆ, ಎರಡನೇದು ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಮೆಷಿನ್ ಅದೇ, ಪಟ್ಟಿ ಅದೇ.

ಟೋನಿ ಹೋರ್ ಅವ್ರ ಕ್ವಿಕ್ ಸಾರ್ಟ್ ಇದ್ರ ಉಲ್ಟಾ, 1961ರಲ್ಲಿ ಪ್ರಕಟ ಆಯ್ತು. ಮರ್ಜ್ ಸಾರ್ಟಲ್ಲಿ ಒಡೆಯೋದು ಪುಕ್ಕಟೆ, ಕೂಡಿಸೋದ್ರಲ್ಲಿ ಬೆವರು. ಕ್ವಿಕ್ ಸಾರ್ಟಲ್ಲಿ ಒಂದು ಸಂಖ್ಯೆಯನ್ನ ಹಿಡ್ಕೊಂಡು ಅದಕ್ಕಿಂತ ಚಿಕ್ಕದೆಲ್ಲಾ ಈ ಕಡೆ ದೊಡ್ಡದೆಲ್ಲಾ ಆ ಕಡೆ ಅಂತ ಒಡೆಯುವಾಗ್ಲೇ ಬೆವರು, ಕೂಡಿಸೋ ಕೆಲಸ ಇಲ್ವೇ ಇಲ್ಲ. ಬೆವರು ಎಲ್ಲೋ ಒಂದ್ಕಡೆ ಹರಿಸ್ಲೇಬೇಕು, ಎಲ್ಲಿ ಅನ್ನೋದಷ್ಟೇ ನಮ್ಮ ಕೈಲಿರೋದು. ಆದ್ರೆ ಕ್ವಿಕ್ ಸಾರ್ಟಲ್ಲಿ ಒಂದು ಅಪಾಯ ಇದೆ, ಹಿಡ್ಕೊಂಡ ಸಂಖ್ಯೆನೇ ಎಲ್ಲಕ್ಕಿಂತ ಚಿಕ್ಕದಾಗಿದ್ರೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 9,99,999. ಪ್ರತಿ ಸಲ ಹೀಗೇ ಆದ್ರೆ ಮತ್ತೆ ಆ 50,000 ಕೋಟಿಗೇ ಬಂದು ನಿಲ್ತೀವಿ. ಮೊದಲೇ ಸಾರ್ಟ್ ಆಗಿರೋ ಪಟ್ಟಿ ಕೊಟ್ಟು ಯಾವಾಗ್ಲೂ ಮೊದಲನೇ ಸಂಖ್ಯೆಯನ್ನೇ ಹಿಡ್ಕೊಂಡ್ರೆ ಸರಿಯಾಗಿ ಇದೇ ಆಗೋದು. ಅದಕ್ಕೇ ಯಾವ್ದೋ ಒಂದನ್ನ ಸುಮ್ನೆ ಚೀಟಿ ಎತ್ತಿದ ಹಾಗೆ ಎತ್ಕೊಳ್ಳೋದು ರೂಢಿ. ಸರಿಸಮ ಒಡೆದ್ರೆ ಲಾಭ, ಒಂದು ಎಳೆ ಕಿತ್ತು ಮಿಕ್ಕಿದ್ದನ್ನ ಹಾಗೇ ಬಿಟ್ರೆ ಲಾಭ ಕಮ್ಮಿ.

ಬೈನರಿ ಸರ್ಚ್ ಬಗ್ಗೆ ಜಾಸ್ತಿ ಹೇಳಲ್ಲ, ಸಾರ್ಟ್ ಆಗಿರೋ ಪಟ್ಟಿಯ ಮಧ್ಯ ನೋಡಿ ಅರ್ಧವನ್ನ ಬಿಸಾಕಿ ಅರ್ಧದಲ್ಲಿ ಮಾತ್ರ ಹುಡುಕೋದು, 10 ಲಕ್ಷದಲ್ಲಿ 20 ಸಲ ನೋಡಿದ್ರೆ ಸಾಕು. ಆದ್ರೆ ಇಷ್ಟು ಸರಳವಾದ್ದನ್ನೂ ಬರೆಯೋದು ಎಷ್ಟು ಕಷ್ಟ ಅನ್ನೋದಕ್ಕೆ ಒಂದು ಪ್ರಸಂಗ ಇದೆ. ಜಾವಾ ಭಾಷೆಯ ಲೈಬ್ರರಿಯಲ್ಲೇ ಇದ್ದ ಬೈನರಿ ಸರ್ಚಲ್ಲಿ ತಪ್ಪಿದೆ ಅಂತ 2006ರಲ್ಲಿ ಜೋಶುವಾ ಬ್ಲಾಕ್ ಬರೆದ್ರು, ಆ ಕೋಡ್ ಬರೆದವ್ರೂ ಅವ್ರೇ. ಮಧ್ಯದ ಜಾಗ ಕಂಡುಹಿಡಿಯೋಕೆ ಮೊದಲು ಮತ್ತೆ ಕೊನೆ ಕೂಡಿ ಎರಡರಿಂದ ಭಾಗಿಸೋದು, ಯಾರಾದ್ರೂ ಹಾಗೇ ಬರೀತಾರೆ. ಪಟ್ಟಿ ಸುಮಾರು 107 ಕೋಟಿ ದಾಟಿದಾಗ ಆ ಮೊತ್ತ 2,14,74,83,647ನ್ನ ಮೀರಿ ಹೋಗುತ್ತೆ, ಆ ಥರದ ಪೂರ್ಣಾಂಕಕ್ಕೆ ಅದೇ ಮಿತಿ, ಮೀರಿದ ತಕ್ಷಣ ಮೈನಸ್ ಆಗಿ ತಿರುಗಿ ಬೀಳುತ್ತೆ. ವರ್ಷಗಟ್ಟಲೆ ಯಾರಿಗೂ ಕಾಣದೆ ಕೂತಿತ್ತು. ಕೊನೆಯಿಂದ ಮೊದಲನ್ನ ಕಳೆದು, ಅರ್ಧ ಮಾಡಿ, ಮೊದಲಿಗೆ ಕೂಡಿದ್ರೆ ಸರಿಹೋಗುತ್ತೆ. ಅಂದ್ರೆ ಐಡಿಯಾ ಸರಿ ಇದ್ರೂ ಕತ್ತರಿ ಆಡೋ ಜಾಗದಲ್ಲೇ ತಪ್ಪು ನುಸುಳೋದು, ಒಂದು ಹೆಚ್ಚು, ಒಂದು ಕಮ್ಮಿ, ಗೆರೆ ಈ ಕಡೆನಾ ಆ ಕಡೆನಾ, ನನಗಂತೂ ಇವತ್ತಿಗೂ ಬೈನರಿ ಸರ್ಚ್ ಬರೆಯುವಾಗ ಎರಡು ಸಂಖ್ಯೆ ಇರೋ ಪಟ್ಟಿ ಹಾಕಿ ಪರೀಕ್ಷೆ ಮಾಡದೆ ನಂಬಿಕೆ ಬರಲ್ಲ.

ನನಗೆ ತುಂಬಾ ಇಷ್ಟವಾದ ಒಡೆತ ಅಂದ್ರೆ ಕರಾಟ್ಸುಬಾ ಅವ್ರದ್ದು. ಎರಡು ದೊಡ್ಡ ಸಂಖ್ಯೆ ಗುಣಿಸೋಕೆ ಶಾಲೆಯಲ್ಲಿ ಕಲಿತ ವಿಧಾನದಲ್ಲಿ ಒಂದ್ರ ಪ್ರತಿ ಅಂಕಿಯನ್ನ ಇನ್ನೊಂದ್ರ ಪ್ರತಿ ಅಂಕಿಯಿಂದ ಗುಣಿಸ್ತೀವಿ, ಸಾವಿರ ಅಂಕಿ ಇದ್ರೆ 10 ಲಕ್ಷ ಪುಟ್ಟ ಗುಣಾಕಾರ. ಇದಕ್ಕಿಂತ ಕಮ್ಮಿಯಲ್ಲಿ ಆಗಲ್ಲ ಅನ್ನೋದು ರಷ್ಯಾದ ಮಹಾನ್ ಗಣಿತಜ್ಞ ಕೊಲ್ಮೊಗೊರೊವ್ ಅವ್ರ ಊಹೆ ಆಗಿತ್ತು, 1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಒಂದು ಸೆಮಿನಾರಲ್ಲಿ ಅದನ್ನ ಹೇಳಿದ್ರು. ಅಲ್ಲಿ ಕೂತಿದ್ದ 23 ವರ್ಷದ ಅನತೊಲಿ ಕರಾಟ್ಸುಬಾ ಒಂದು ವಾರದೊಳಗೆ ಆ ಊಹೆ ಸುಳ್ಳು ಅಂತ ತೋರಿಸಿಬಿಟ್ರು. ಮಾಡಿದ್ದು ಏನು ಅಂತ 47 ಗುಣಿಸು 86ರಲ್ಲಿ ನೋಡೋಣ.

47ನ್ನ 4 ಮತ್ತೆ 7 ಅಂತ, 86ನ್ನ 8 ಮತ್ತೆ 6 ಅಂತ ಒಡೀರಿ. ಸಾಮಾನ್ಯವಾಗಿ ನಾಲ್ಕು ಗುಣಾಕಾರ ಬೇಕು: 4×8, 4×6, 7×8, 7×6. ಕರಾಟ್ಸುಬಾ ಮೂರೇ ಮಾಡ್ತಾರೆ. 4×8 ಅಂದ್ರೆ 32. 7×6 ಅಂದ್ರೆ 42. ಮೂರನೇದು ಸ್ವಲ್ಪ ತರಲೆ, 4 ಮತ್ತೆ 7 ಕೂಡಿ 11, 8 ಮತ್ತೆ 6 ಕೂಡಿ 14, ಗುಣಿಸಿದ್ರೆ 154. ಈ 154ರ ಒಳಗೆ ನಾಲ್ಕೂ ಗುಣಲಬ್ಧ ಕಲಸಿಕೊಂಡು ಕೂತಿವೆ, ಅದ್ರಲ್ಲಿ 32 ಮತ್ತೆ 42 ನಮಗೆ ಆಗ್ಲೇ ಗೊತ್ತು, ಕಳೆದುಬಿಡಿ, 80 ಉಳಿಯುತ್ತೆ. ಅದೇ ಮಧ್ಯದ ಎರಡರ ಮೊತ್ತ. ನಮಗೆ ಬೇಕಾಗಿದ್ದೂ ಮೊತ್ತವೇ ಹೊರತು ಬಿಡಿ ಬಿಡಿ ಬೇಕಿರ್ಲಿಲ್ಲ. ಈಗ 3200, 800, 42 ಕೂಡಿ, 4042.

ನಾಲ್ಕರಿಂದ ಮೂರಕ್ಕೆ ಇಳಿದ್ರೆ ಏನು ಮಹಾ ಅಂತ ಅನ್ನಿಸ್ಬಹುದು. ಒಂದ್ಸಲಕ್ಕೆ ಏನೂ ಇಲ್ಲ. ಆದ್ರೆ 1024 ಅಂಕಿಯ ಸಂಖ್ಯೆಯನ್ನ ಒಂದಂಕಿಗೆ ಇಳಿಸೋಕೆ 10 ಮಜಲು ಬೇಕು, ಪ್ರತಿ ಮಜಲಲ್ಲೂ ಒಂದು ನಾಲ್ಕಾದ್ರೆ 4ನ್ನ ಹತ್ತು ಸಲ ಗುಣಿಸಿದ ಹಾಗೆ, 10,48,576. ಮೂರಾದ್ರೆ 59,049. ಕೂಡೋ ಕಳೆಯೋ ಕೆಲಸ ಸ್ವಲ್ಪ ಜಾಸ್ತಿ ಆಗುತ್ತೆ, ಅದು ಅಗ್ಗ. ಪೈಥಾನ್ ಭಾಷೆಯಲ್ಲಿ ಸಿಕ್ಕಾಪಟ್ಟೆ ಉದ್ದದ ಎರಡು ಸಂಖ್ಯೆ ಗುಣಿಸಿ ನೋಡಿ, ಒಳಗೆ ಓಡೋದು ಇದೇ. ಇಲ್ಲೂ ಅದೇ ಮರೆವಿನ ಮಾತು ನೋಡಿ, ಮಧ್ಯದ ಎರಡು ಗುಣಲಬ್ಧ ಬೇರೆ ಬೇರೆ ಎಷ್ಟೆಷ್ಟು ಅಂತ ತಿಳ್ಕೊಳ್ಳೋ ಆಸೆ ಬಿಟ್ಟಿದ್ದಕ್ಕೇ ಒಂದು ಗುಣಾಕಾರ ಉಳೀತು. ಆಡಿಯೋ, ಸಿಗ್ನಲ್ ಕೆಲಸ ಮಾಡೋರಿಗೆ ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್ (ಸಿಗ್ನಲ್ಲನ್ನ ಅದ್ರೊಳಗಿನ ಬೇರೆ ಬೇರೆ ಅಲೆಗಳಾಗಿ ಬಿಡಿಸೋ ಲೆಕ್ಕ) ಗೊತ್ತಿರುತ್ತೆ, 1965ರಲ್ಲಿ ಕೂಲಿ ಮತ್ತೆ ಟೂಕಿ ಬರೆದದ್ದು, ಅಲ್ಲೂ ಸಮಸ್ಥಾನ ಬೆಸಸ್ಥಾನ ಅಂತ ಎರಡು ಭಾಗ ಮಾಡಿ ಇದೇ ರೀತಿ ಉಳಿಸೋದು. ಗೌಸ್ ಸುಮಾರು 1805ರಲ್ಲೇ ಅದನ್ನ ಮಾಡಿಟ್ಟಿದ್ರು ಅಂತ ಆಮೇಲೆ ಗೊತ್ತಾಯ್ತು.

ಒಡೆದ ಮಾತ್ರಕ್ಕೆ ವೇಗ ಬಂದೇಬಿಡುತ್ತೆ ಅಂತ ಏನಿಲ್ಲ. ಟವರ್ ಆಫ್ ಹನೋಯ್ ಆಟ ನೋಡಿರ್ತೀರಿ, ಮೂರು ಕಂಬ, ದೊಡ್ಡದ್ರ ಮೇಲೆ ಚಿಕ್ಕದು ಅಂತ ಪೇರಿಸಿರೋ ಬಿಲ್ಲೆಗಳು, 1883ರಲ್ಲಿ ಎಡ್ವರ್ಡ್ ಲೂಕಾ ಹೊರತಂದಿದ್ದು. ಒಂದ್ಸಲಕ್ಕೆ ಒಂದೇ ಬಿಲ್ಲೆ ಎತ್ತಿ, ಚಿಕ್ಕದ್ರ ಮೇಲೆ ದೊಡ್ಡದನ್ನ ಇಡದೆ, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸ್ಬೇಕು. 64 ಬಿಲ್ಲೆ ಇವೆ ಅನ್ಕೊಳ್ಳಿ. ಎಲ್ಲಕ್ಕಿಂತ ಕೆಳಗಿನ ಬಿಲ್ಲೆ ಅಲ್ಲಾಡ್ಬೇಕು ಅಂದ್ರೆ ಮೇಲಿನ 63 ಪಕ್ಕದ ಕಂಬಕ್ಕೆ ಹೋಗಿರ್ಬೇಕು, ಆಮೇಲೆ ಆ 63 ಮತ್ತೆ ಇದ್ರ ಮೇಲೆ ಬರ್ಬೇಕು. ಇಷ್ಟು ಗೊತ್ತಾದ್ರೆ ಪ್ರೋಗ್ರಾಂ ಮೂರು ಸಾಲು, ಓದಿದ್ರೆ ನಗು ಬರುತ್ತೆ ಅಷ್ಟು ಚಿಕ್ಕದು. ಆದ್ರೆ 64 ಬಿಲ್ಲೆಗೆ 1ರಷ್ಟು ಮಾತ್ರ ಕಮ್ಮಿ ಮಾಡಿ ಎರಡೆರಡು ಸಲ ಕೇಳಿದ್ದರಿಂದ 1,84,46,74,40,73,70,95,51,615 ನಡೆ ಬೇಕು, ಸೆಕೆಂಡಿಗೊಂದು ಅಂದ್ರೂ 58,000 ಕೋಟಿ ವರ್ಷದ ಮೇಲೆ. ಇದು ಒಡೆದವ್ರ ತಪ್ಪಲ್ಲ ಪಾಪ, ಅದಕ್ಕಿಂತ ಕಮ್ಮಿ ನಡೆಯಲ್ಲಿ ಆಗೋದೇ ಇಲ್ಲ. ಈ ಆಟದಿಂದ ಸಿಗೋ ಲಾಭ ಬೇರೆ, ಚಿಕ್ಕದನ್ನ ಯಾರೋ ಮಾಡಿ ಕೊಡ್ತಾರೆ ಅಂತ ನಂಬಿ ಮುಂದಿನ ಒಂದು ಹೆಜ್ಜೆ ಮಾತ್ರ ಯೋಚನೆ ಮಾಡೋದು ಅಭ್ಯಾಸ ಆಗುತ್ತೆ. ರಿಕರ್ಶನ್ (ಪ್ರೋಗ್ರಾಂ ಚಿಕ್ಕ ಚೂರಿಗೆ ತನ್ನನ್ನೇ ಮತ್ತೆ ಕರೆಯೋದು) ಅರ್ಥ ಆಗ್ದೇ ಒದ್ದಾಡೋರು ಬಹಳಷ್ಟು ಜನ ಒಳಗೊಳಗೆ ಇಳಿದು ಪ್ರತಿಯೊಂದು ಕರೆಯನ್ನೂ ತಲೆಯಲ್ಲೇ ಓಡಿಸೋಕೆ ಹೋಗಿ ಮೂರನೇ ಮಜಲಿಗೆ ತಲೆ ತಿರುಗಿ ಬೀಳ್ತಾರೆ. ಇಳೀಬೇಡಿ, ನಂಬಿ. ನಿಲ್ಲೋ ಜಾಗ ಒಂದು ಬರೆದಿದ್ದೀರಾ ಅಂತ ಮಾತ್ರ ನೋಡ್ಕೊಳ್ಳಿ, ಇಲ್ದಿದ್ರೆ ಪೈಥಾನ್ ಸಾವಿರ ಮಜಲು ಇಳಿದ ಮೇಲೆ ಕೈ ಎತ್ತಿಬಿಡುತ್ತೆ.

ಇಲ್ಲಿವರೆಗೆ ನೋಡಿದ್ರಲ್ಲಿ ಚೂರುಗಳು ಒಂದಕ್ಕೊಂದು ಸಂಬಂಧ ಇಲ್ದವು, ಎಡದ ಅರ್ಧ ಬೇರೆ ಬಲದ ಅರ್ಧ ಬೇರೆ. ಇನ್ನೊಂದು ಜಾತಿ ಇದೆ, ಅಲ್ಲಿ ಒಂದೇ ಚೂರು ಹತ್ತು ಬಾಗಿಲಿಂದ ಬರುತ್ತೆ.

ಛಂದಸ್ಸು ಓದಿದವ್ರಿಗೆ ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಅಂತ ಗೊತ್ತಲ್ಲ. ನಾಲ್ಕು ಮಾತ್ರೆಯನ್ನ ಎಷ್ಟು ಥರ ತುಂಬಬಹುದು? ನಾಲ್ಕೂ ಲಘು, ಎರಡು ಗುರು, ಇಲ್ಲಾ ಒಂದು ಗುರು ಎರಡು ಲಘು, ಅದ್ರಲ್ಲಿ ಗುರು ಮೊದಲು ಮಧ್ಯ ಕೊನೆ ಅಂತ ಮೂರು ಜಾಗ, ಒಟ್ಟು ಐದು. ಹತ್ತು ಮಾತ್ರೆಗೆ ಹೀಗೆ ಬೆರಳು ಮಡಚಿ ಎಣಿಸೋಕೆ ಆಗಲ್ಲ. ಒಡೀಬೇಕು, ಎಲ್ಲಿ ಒಡೀಬೇಕು ಅಂದ್ರೆ ಕೊನೇ ಅಕ್ಷರದಲ್ಲಿ. ಕೊನೇದು ಲಘು ಆಗಿದ್ರೆ ಹಿಂದೆ ಒಂಬತ್ತು ಮಾತ್ರೆ ಹೇಗೆ ಬೇಕಾದ್ರೂ ತುಂಬಿರ್ಬಹುದು, ಗುರು ಆಗಿದ್ರೆ ಎಂಟು ಮಾತ್ರೆ. ಹಾಗಾಗಿ ಹತ್ತರ ಉತ್ತರ ಅಂದ್ರೆ ಒಂಬತ್ತರ ಉತ್ತರ ಕೂಡು ಎಂಟರ ಉತ್ತರ. 1, 2, 3, 5, 8, 13, 21, 34, 55, 89. ಹತ್ತು ಮಾತ್ರೆಗೆ 89. ಜಗತ್ತು ಫಿಬೊನಾಚಿ ಸಂಖ್ಯೆ ಅಂತ ಕರೆಯೋ ಇದನ್ನ ಹೇಮಚಂದ್ರಾಚಾರ್ಯರು ಸುಮಾರು 1150ರಲ್ಲೇ ಸರಿಯಾಗಿ ಈ ಲಘು ಗುರು ಲೆಕ್ಕದಲ್ಲೇ ಬರೆದಿಟ್ಟಿದ್ರು, ಫಿಬೊನಾಚಿಯ ಪುಸ್ತಕ ಬಂದಿದ್ದು 1202ರಲ್ಲಿ. ಅವ್ರಿಗಿಂತ ಮುಂಚೆನೇ ವಿರಹಾಂಕ ಅನ್ನೋರೂ ಹೇಳಿದ್ರು.

ಒಡೆದ ಜಾಗ ಸರಿಯಾಗೇ ಇದೆ, ಈಗ ಇದನ್ನ ಕಂಪ್ಯೂಟರ್‌ಗೆ ಹಾಗೇ ರಿಕರ್ಶನಲ್ಲಿ ಬರೆದುಕೊಟ್ರೆ ಏನಾಗುತ್ತೆ ನೋಡಿ. ಆರನ್ನ ಕೇಳಿದ್ರೆ ಅದು ಐದು ಮತ್ತೆ ನಾಲ್ಕನ್ನ ಕೇಳುತ್ತೆ, ಆ ಐದು ತಾನೂ ನಾಲ್ಕು, ಮೂರು ಎರಡನ್ನೂ ಕೇಳುತ್ತೆ, ಅಷ್ಟೊತ್ತಿಗೆ ನಾಲ್ಕನ್ನ ಎರಡು ಸಲ, ಮೂರನ್ನ ಮೂರು ಸಲ, ಎರಡನ್ನ ಐದು ಸಲ ಕೇಳಾಯ್ತು, ಒಂದ್ಸಲ ಕಂಡುಹಿಡಿದ ಉತ್ತರವನ್ನ ಅಲ್ಲೇ ಬಿಸಾಕಿ ಮತ್ತೆ ಮೊದಲಿಂದ ಮಾಡೋದು. ನಲವತ್ತು ಮಾತ್ರೆಗೆ ಹೀಗೆ ಕೇಳೋ ಸಲ 20 ಕೋಟಿ 46 ಲಕ್ಷ ದಾಟುತ್ತೆ. ಒಂದು ಚೀಟಿಯಲ್ಲಿ ಬರೆದಿಟ್ಕೊಂಡ್ರೆ? 40 ಸಾಲು. ಅಷ್ಟೆ. ಬರೆದಿಟ್ಕೊಳ್ಳೋದಕ್ಕೆ ಮೆಮೊಯಿಸೇಶನ್ ಅಂತ ಹೆಸರು, ಕೆಳಗಿಂದ ಮೇಲಕ್ಕೆ ಟೇಬಲ್ ತುಂಬ್ಕೊಂಡು ಹೋಗೋದೂ ಅದೇ ವಿದ್ಯೆಯ ಇನ್ನೊಂದು ಮುಖ, ಇಡೀ ಪದ್ಧತಿಗೆ ಡೈನಾಮಿಕ್ ಪ್ರೋಗ್ರಾಮಿಂಗ್ ಅಂತಾರೆ. ಹೆಸರು ನೋಡಿ ಗಾಬರಿ ಬೀಳ್ಬೇಡಿ, 1950ರ ದಶಕದಲ್ಲಿ ಅದನ್ನ ಇಟ್ಟ ರಿಚರ್ಡ್ ಬೆಲ್ಮನ್ ತಮ್ಮ ಆತ್ಮಕಥೆಯಲ್ಲಿ ಹೇಳಿರೋ ಪ್ರಕಾರ, ಮೇಲೆ ಕೂತಿದ್ದ ರಕ್ಷಣಾ ಕಾರ್ಯದರ್ಶಿಗೆ ಸಂಶೋಧನೆ ಅನ್ನೋ ಪದ ಕಂಡ್ರೆ ಆಗ್ತಿರ್ಲಿಲ್ಲ, ಹಾಗಾಗಿ ಯಾರೂ ಆಕ್ಷೇಪ ಎತ್ತದ ಹಾಗೆ ಕೇಳೋಕೆ ಚೆನ್ನಾಗಿರೋ ಹೆಸರು ಹುಡುಕಿದ್ರಂತೆ. ಟೇಬಲ್ ತುಂಬೋದು ಅಂತ ಇಟ್ಟಿದ್ರೆ ಎಷ್ಟೋ ವಿದ್ಯಾರ್ಥಿಗಳು ಬದುಕ್ತಿದ್ರು.

ಟೇಬಲ್ ತುಂಬೋದನ್ನೂ ಹತ್ತಿರದಿಂದ ಒಂದ್ಸಲ ನೋಡಿಬಿಡೋಣ. ನಿಮ್ಮ ಹತ್ರ 1, 3, 4 ಕೆಜಿ ತೂಕದ ಕಲ್ಲುಗಳು ಬೇಕಾದಷ್ಟಿವೆ, ಸರಿಯಾಗಿ 6 ಕೆಜಿ ಆಗ್ಬೇಕು, ಕಲ್ಲು ಆದಷ್ಟು ಕಮ್ಮಿ ಇರ್ಬೇಕು. ಕೈ ತಾನಾಗೇ ದೊಡ್ಡದಕ್ಕೆ ಹೋಗುತ್ತೆ, 4 ಇಟ್ರೆ 2 ಉಳೀತು, 1 ಮತ್ತೆ 1, ಒಟ್ಟು ಮೂರು ಕಲ್ಲು. ಆದ್ರೆ 3 ಮತ್ತೆ 3 ಇಟ್ರೆ ಎರಡೇ ಸಾಕಿತ್ತು. ದುರಾಸೆ ಕೆಡಿಸ್ತು (ಈ ವಿಧಾನಕ್ಕೆ ಹೆಸರೇ ದುರಾಸೆಯದ್ದು, ಗ್ರೀಡಿ). ಟೇಬಲ್ ಹಾಗೆ ಮಾಡಲ್ಲ, ಅದು ಕೊನೇ ಕಲ್ಲು ಯಾವ್ದಿರ್ಬಹುದು ಅಂತ ಮೂರೂ ಸಾಧ್ಯತೆ ಕೇಳುತ್ತೆ. ಸೊನ್ನೆ ಕೆಜಿಗೆ 0 ಕಲ್ಲು, 1ಕ್ಕೆ 1, 2ಕ್ಕೆ 2, 3ಕ್ಕೆ 1, 4ಕ್ಕೆ 1. 5ಕ್ಕೆ ಬಂದಾಗ ಕೊನೇ ಕಲ್ಲು 1 ಆಗಿದ್ರೆ ಹಿಂದೆ 4 ಇತ್ತು, 3 ಆಗಿದ್ರೆ 2 ಇತ್ತು, 4 ಆಗಿದ್ರೆ 1 ಇತ್ತು, ಆ ಮೂರರಲ್ಲಿ ಕಮ್ಮಿ ಇರೋದು 1, ಅದಕ್ಕೆ ಒಂದು ಕೂಡಿ 2. 6ಕ್ಕೆ ಹಿಂದೆ 5, 3, 2, ಅಲ್ಲಿ ಕ್ರಮವಾಗಿ 2, 1, 2 ಅಂತ ಬರೆದಿದೆ, ಕಮ್ಮಿ 1, ಕೂಡು ಒಂದು, 2. ಒಂದು ಕಡೆನೂ ಬುದ್ಧಿವಂತಿಕೆ ತೋರಿಸ್ಲಿಲ್ಲ, ಸುಮ್ನೆ ಹಿಂದಿನ ಮನೆ ನೋಡಿ ಬರೆದಿದ್ದು.

ಇದು ಕೆಲಸ ಮಾಡೋಕೆ ಕಾರಣ ಏನಂದ್ರೆ 3 ಕೆಜಿ ತುಂಬಿರೋ ತಕ್ಕಡಿಗೆ ಆ 3 ಹೇಗೆ ಬಂತು ಅನ್ನೋದು ಬೇಕಿಲ್ಲ. ಮೂರು ಒಂದೊಂದಾಗಿ ಬಂತಾ, ಒಟ್ಟಿಗೆ ಬಂತಾ, ಮುಂದಕ್ಕೆ ಅದ್ರಿಂದ ಏನೂ ವ್ಯತ್ಯಾಸ ಇಲ್ಲ. ಎಷ್ಟಾಗಿದೆ ಅನ್ನೋ ಒಂದು ನಂಬರ್ ಸಾಕು. ಆ ಒಂದು ನಂಬರ್‌ಗೆ ಸ್ಟೇಟ್ ಅಂತಾರೆ, ನಿಜವಾದ ತಲೆಬಿಸಿ ಇರೋದು ಆ ಸ್ಟೇಟಲ್ಲಿ ಏನೇನು ಇರ್ಬೇಕು ಅಂತ ಹುಡುಕೋದ್ರಲ್ಲಿ. ನಾನು ಇದ್ರಲ್ಲಿ ಸರಿಯಾಗಿ ಬಿದ್ದಿದ್ದೀನಿ. ಬ್ಯಾಗಿಗೆ ಇಂತಿಷ್ಟೇ ತೂಕ ಹಿಡಿಯುತ್ತೆ, ಒಂದೊಂದು ವಸ್ತುವಿಗೂ ಒಂದು ತೂಕ ಒಂದು ಬೆಲೆ, ಬೆಲೆ ಹೆಚ್ಚಾಗೋ ಹಾಗೆ ತುಂಬ್ಬೇಕು ಅನ್ನೋ ಹಳೇ ಲೆಕ್ಕ, ಅದನ್ನೇ ಬೇರೆ ವೇಷದಲ್ಲಿ ಒಂದು ಕೆಲಸಕ್ಕೆ ಬರೀತಿದ್ದೆ. ಎಷ್ಟನೇ ವಸ್ತುವಿಗೆ ಬಂದಿದ್ದೀನಿ ಅನ್ನೋದನ್ನ ಮಾತ್ರ ಕೀ (ಬರೆದಿಟ್ಟ ಉತ್ತರವನ್ನ ಮತ್ತೆ ಹುಡುಕೋ ಗುರುತು) ಆಗಿ ಇಟ್ಟು ಉತ್ತರ ಬರೆದಿಡ್ತಾ ಹೋದೆ, ಬ್ಯಾಗಲ್ಲಿ ಇನ್ನೆಷ್ಟು ಜಾಗ ಉಳಿದಿದೆ ಅನ್ನೋದನ್ನ ಕೀಯಲ್ಲಿ ಸೇರಿಸೋದು ಮರೆತೆ. ಮೂರು ನಾಲ್ಕು ವಸ್ತುವಿನ ಟೆಸ್ಟೆಲ್ಲಾ ಪಾಸ್. ದೊಡ್ಡ ಡೇಟಾ ಬಂದಾಗ ಉತ್ತರ ಸ್ವಲ್ಪ ಸ್ವಲ್ಪ ತಪ್ಪು, ಪೂರ್ತಿ ತಪ್ಪಾಗಿದ್ರೆ ಬೇಗ ಸಿಕ್ಕಿರೋದು, ಹತ್ತಿರ ಹತ್ತಿರ ಇದ್ದಿದ್ದಕ್ಕೆ ಒಂದಿಡೀ ದಿನ ಡೇಟಾನೇ ಸರಿ ಇಲ್ಲ ಅಂತ ಡೇಟಾ ಕೊಟ್ಟವ್ರ ಮೇಲೆ ಗೂಬೆ ಕೂರಿಸಿದ್ದೆ. ಮೆಮೊ ತೆಗೆದು ಓಡಿಸಿ ನೋಡಿದಾಗ ಗೊತ್ತಾಯ್ತು, ಜಾಗ 9 ಉಳಿದಾಗ ಬರೆದಿಟ್ಟ ಉತ್ತರವನ್ನ ಜಾಗ 2 ಉಳಿದಾಗ್ಲೂ ಎತ್ತಿ ಕೊಡ್ತಿತ್ತು. ಅವತ್ತಿಂದ ಕೋಡಿಗೆ ಕೈ ಹಾಕೋ ಮುಂಚೆ ಕಾಗದದ ಮೇಲೆ ಒಂದು ವಾಕ್ಯ ಬರೀತೀನಿ, ಈ ಮನೆಯಲ್ಲಿ ಇರೋ ನಂಬರಿನ ಅರ್ಥ ಏನು ಅಂತ. ಆ ವಾಕ್ಯ ಬರೆಯೋಕೆ ಬರ್ಲಿಲ್ಲ ಅಂದ್ರೆ ಕೋಡೂ ಬರಲ್ಲ.

ಮೊದಲನೇ ಲೆಕ್ಕಕ್ಕೆ ಈಗ ವಾಪಸ್ ಹೋದ್ರೆ ಮಜಾ ಇದೆ. 3, -5, 4, 2, -1, 6, -8. ಅಲ್ಲಿ ಎರಡು ಹೋಳು ಮಾಡಿ ಗೆರೆ ಮೇಲಿಂದಕ್ಕೆ ಬೇರೆ ವ್ಯವಸ್ಥೆ ಮಾಡಿದ್ವಿ. ಪ್ರಶ್ನೆಯನ್ನೇ ಸ್ವಲ್ಪ ಬದಲಾಯಿಸಿದ್ರೆ? ಇಲ್ಲಿವರೆಗೆ ಅತಿ ಹೆಚ್ಚು ಎಷ್ಟು ಅಂತ ಕೇಳೋ ಬದಲು, ಸರಿಯಾಗಿ ಈ ಜಾಗದಲ್ಲಿ ಕೊನೆ ಆಗೋ ತುಂಡುಗಳಲ್ಲಿ ಅತಿ ಹೆಚ್ಚು ಎಷ್ಟು ಅಂತ ಕೇಳಿ. ಮೊದಲನೇ ಜಾಗಕ್ಕೆ 3. ಎರಡನೇದಕ್ಕೆ 3 ಜೊತೆ -5 ಸೇರಿ -2. ಮೂರನೇದಕ್ಕೆ -2 ಹೊತ್ಕೊಂಡು ಬಂದ್ರೆ ನಷ್ಟ, ಹೊಸದಾಗಿ ಶುರು ಮಾಡಿದ್ರೆ 4. ಆಮೇಲೆ 6, 5, 11, 3. ಇದ್ರಲ್ಲಿ ದೊಡ್ಡದು 11. ಒಂದೇ ಒಂದು ಓಟ, ಒಡೆಯೋದೂ ಇಲ್ಲ ಜೋಡಿಸೋದೂ ಇಲ್ಲ ಅನ್ನೋ ಥರ ಕಾಣುತ್ತೆ, ಆದ್ರೆ ಪ್ರತಿ ಜಾಗವೂ ಒಂದು ಸಬ್‌ಪ್ರಾಬ್ಲಮ್ಮೇ, ಹಿಂದಿನವ್ರಿಂದ ಒಂದೇ ನಂಬರ್ ಇಸ್ಕೊಂಡು ಮಿಕ್ಕಿದ್ದನ್ನೆಲ್ಲಾ ಮರೆತಿರುತ್ತೆ. ಇದು ಜೇ ಕಡೇನ್ ಅವ್ರ ವಿಧಾನ. ಮೊದಲ ಪ್ರಶ್ನೆಗೆ ಹಿಂದಿನ ಉತ್ತರ 6 ಅಂತ ಗೊತ್ತಿದ್ರೂ ಆ 6 ನಮ್ಮ ಪಕ್ಕಕ್ಕೆ ಅಂಟಿದೆಯಾ, ಎಲ್ಲೋ ದೂರ ಇದೆಯಾ ಗೊತ್ತಾಗಲ್ಲ, ಹಾಗಾಗಿ ಮುಂದಕ್ಕೆ ಬೆಳೆಸೋಕೆ ಬರಲ್ಲ. ಇಲ್ಲೇ ಕೊನೆ ಆಗ್ಬೇಕು ಅನ್ನೋ ಷರತ್ತು ಹಾಕಿದ್ದಕ್ಕೆ ಪ್ರಶ್ನೆ ಸಣ್ಣದಾಯ್ತು, ಉತ್ತರ ಕೆಲಸಕ್ಕೆ ಬರೋ ಹಾಗಾಯ್ತು.

ಒಡೆಯೋಕೇ ಬರದವೂ ಇವೆ. ನಾಲ್ಕು ಊರು ವೃತ್ತವಾಗಿ ಇದಾವೆ ಅನ್ಕೊಳ್ಳಿ, ಕ, ಖ, ಗ, ಘ, ಘದಿಂದ ಮತ್ತೆ ಕಗೆ ರಸ್ತೆ. ಅತಿ ಹತ್ತಿರದ ದಾರಿ ಕೇಳಿದ್ರೆ ಒಡೆಯೋದು ಸಲೀಸು, ಹತ್ತಿರದ ದಾರಿಯ ಯಾವ ತುಂಡನ್ನ ಕತ್ತರಿಸಿದ್ರೂ ಆ ತುಂಡೂ ಹತ್ತಿರದ ದಾರಿನೇ. ಅತಿ ಉದ್ದದ ದಾರಿ ಕೇಳಿ, ಒಂದೂರಿಗೆ ಎರಡು ಸಲ ಹೋಗೋ ಹಾಗಿಲ್ಲ. ಕಯಿಂದ ಖಗೆ ಉದ್ದದ ದಾರಿ ಕ-ಘ-ಗ-ಖ. ಇದ್ರ ಮೊದಲನೇ ತುಂಡು ಕ-ಘ. ಆದ್ರೆ ಕಯಿಂದ ಘಗೆ ಉದ್ದದ ದಾರಿ ಯಾವ್ದು ಅಂತ ಬೇರೆಯಾಗಿ ಕೇಳಿದ್ರೆ ಅದು ಕ-ಖ-ಗ-ಘ ಅನ್ನುತ್ತೆ, ನಾವು ಕೊನೆಗೆ ಮುಟ್ಟಬೇಕಾದ ಖ ಊರನ್ನ ಅದು ದಾರಿಯಲ್ಲೇ ಖರ್ಚು ಮಾಡ್ಬಿಟ್ಟಿದೆ. ಒಂದು ಚೂರು ತನಗೆ ಒಳ್ಳೇದು ಮಾಡ್ಕೊಳ್ಳೋಕೆ ಹೋಗಿ ಇನ್ನೊಂದರ ದಾರಿ ಮುಚ್ಚುತ್ತೆ. ಮರೆಯೋ ಹಾಗೇ ಇಲ್ಲ ಇಲ್ಲಿ, ಯಾವ ಯಾವ ಊರು ಮುಗೀತು ಅಂತ ನೆನಪಿಡ್ಲೇಬೇಕು.

ಹಾಗಂತ ಪೂರ್ತಿ ನೆನಪಿಡ್ಬೇಕಾ? ಎಲ್ಲಾ ಊರಿಗೂ ಒಂದೊಂದ್ಸಲ ಹೋಗಿ ಶುರು ಮಾಡಿದಲ್ಲಿಗೆ ವಾಪಸ್ ಬರೋ ಅತಿ ಕಮ್ಮಿ ದೂರದ ಸುತ್ತು ಯಾವ್ದು ಅನ್ನೋ ಪ್ರಸಿದ್ಧ ಪ್ರಾಬ್ಲಮ್ ಇದೆಯಲ್ಲ, ಟ್ರಾವೆಲಿಂಗ್ ಸೇಲ್ಸ್‌ಮನ್ ಅಂತ, ಅಲ್ಲಿ 20 ಊರಿಗೆ ಎಲ್ಲಾ ಕ್ರಮಗಳನ್ನ ಹಾಕಿ ನೋಡಿದ್ರೆ 12ರ ಮುಂದೆ 16 ಸೊನ್ನೆ ಇಟ್ಟಷ್ಟು ಆಗುತ್ತೆ. 1962ರಲ್ಲಿ ಹೆಲ್ಡ್ ಮತ್ತೆ ಕಾರ್ಪ್ ಒಂದು ಕಡೆ, ಅದೇ ಬೆಲ್ಮನ್ ಇನ್ನೊಂದು ಕಡೆ ಗಮನಿಸಿದ್ದು ಏನು ಅಂದ್ರೆ ಯಾವ ಯಾವ ಊರು ಮುಗೀತು ಮತ್ತೆ ಈಗ ಯಾವ ಊರಲ್ಲಿ ನಿಂತಿದ್ದೀನಿ ಅನ್ನೋ ಎರಡು ಗೊತ್ತಿದ್ರೆ ಸಾಕು, ಮುಗಿದ ಊರುಗಳಿಗೆ ಯಾವ ಕ್ರಮದಲ್ಲಿ ಹೋಗಿದ್ದೆ ಅನ್ನೋದನ್ನ ಮರೀಬಹುದು. ಆ ಒಂದು ಮರೆವಿಂದ 20 ಊರಿನ ಕೆಲಸ ಸುಮಾರು 42 ಕೋಟಿ ಹೆಜ್ಜೆಗೆ ಇಳೀತು, ಲ್ಯಾಪ್‌ಟಾಪಲ್ಲಿ ಕೂತಲ್ಲೇ ಮುಗಿಸ್ಬಹುದು. ಆದ್ರೆ ಒಂದೊಂದು ಊರು ಜಾಸ್ತಿ ಆದಾಗ್ಲೂ ಟೇಬಲ್ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಬೆಳೆಯುತ್ತೆ, 40 ಊರಿಗೆ ಒಂದು ಮನೆಗೆ ನಾಲ್ಕು ಬೈಟ್ ಅಂದ್ರೂ ಟೇಬಲ್ ಇಡೋಕೇ 170 ಟೆರಾಬೈಟ್ ಮೇಲೆ ಬೇಕು. ಆ ಎರಡನ್ನ 1.99 ಆದ್ರೂ ಮಾಡೋ ಇನ್ನೊಂದು ಒಡೆತ, ಯಾವ ನಕ್ಷೆ ಕೊಟ್ರೂ ಸಾಮಾನ್ಯ ಕಂಪ್ಯೂಟರಲ್ಲಿ ಖಚಿತ ಉತ್ತರ ಕೊಡೋ ಅಂಥದ್ದು ಇದೆಯಾ ಅನ್ನೋ ಪ್ರಶ್ನೆ ಇವತ್ತಿಗೂ ಹಾಗೇ ತೆರೆದಿದೆ, ಅಲ್ಲಿ ಕೊಡಲಿ ಎಲ್ಲಿ ಇಡ್ಬೇಕು ಅಂತ ಯಾರಿಗೂ ಇನ್ನೂ ಸಿಕ್ಕಿಲ್ಲ.